ಆತಕೂರಿನ ಕಾಳಿ ಮತ್ತು ಬೇಂಟೆಯ ವಿದ್ಯೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ಎರಡೇ ಪ್ರಾಣಿಗಳು: ಒಂದು ಹಂದಿ, ಅದರ ಮೇಲೆರಗಿದ ಒಂದು ನಾಯಿ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಕತ್ತಿ ಹಿರಿದ ಭಟನಿಲ್ಲ, ಅವನನ್ನು ವಿಮಾನದಲ್ಲಿ ಕೂರಿಸಿ ಕೊಂಡೊಯ್ಯುವ ಅಪ್ಸರೆಯರಿಲ್ಲ. ಆದರೆ ಈ ಎರಡು ಪ್ರಾಣಿಗಳ ಸುತ್ತ ಕೊರೆದಿರುವ ಹಳಗನ್ನಡದ ಸಾಲುಗಳಲ್ಲಿ ದಕ್ಷಿಣ ಭಾರತದ ಇತಿಹಾಸದ ಒಂದು ಮಹಾಯುದ್ಧ, ಇಬ್ಬರು ಚಕ್ರವರ್ತಿ ಮನೆತನಗಳ ಹಗೆ, ಒಬ್ಬ ಗಂಗ ಅರಸನ ರಾಜ್ಯಪ್ರಾಪ್ತಿ ಮತ್ತು ಒಬ್ಬ ಸೇವಕನ ವಿಚಿತ್ರವಾದ ಕೋರಿಕೆ ಒಟ್ಟಿಗೆ ಸೇರಿಕೊಂಡಿವೆ. ಫ್ಲೀಟ್ ಮತ್ತು ರೈಸ್ ಅವರು ಈ ಶಾಸನವನ್ನು ಪ್ರಕಟಿಸಿದಾಗ ವಿದ್ವಾಂಸರ ಕಣ್ಣು ಹೋದದ್ದು ಯುದ್ಧದ ಕಡೆಗೆ. ಅದು ಸಹಜವೇ. ಆದರೆ ಕಲ್ಲನ್ನು ನಿಲ್ಲಿಸಿದವರ ಮನಸ್ಸು ನಾಯಿಯ ಕಡೆಗಿತ್ತೆಂಬುದನ್ನು ಮರೆಯಲಾಗದು.

ಶಕವರ್ಷ 872ರ ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50, ಶಾಸನದ ಕಾಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಶಾಸನದ ಕನ್ನಡದಲ್ಲಿ ಕನ್ನರದೇವ, ಚೋಳರ ಮೇಲೆ ದಂಡೆತ್ತಿ ಹೋಗಿದ್ದ. ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ನಡೆದ ಕಾಳಗದಲ್ಲಿ ಪರಾಂತಕ ಚೋಳನ ಮಗ ರಾಜಾದಿತ್ಯ ಆನೆಯ ಅಂಬಾರಿಯ ಮೇಲೆಯೇ ಹತನಾದ. ತಮಿಳರು ಮುಂದೆ ಅವನನ್ನು ಆನೆಯ ಮೇಲೆ ಅಳಿದ ದೇವರೆಂದೇ ನೆನೆದರು. ಅವನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಚಕ್ರವರ್ತಿಯ ಅಕ್ಕ ರೇವಕನಿಮ್ಮಡಿಯ ಗಂಡ. ಎರೆಯಪ್ಪನ ಮಗ ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಕೈಗೆ ತೆಗೆದುಕೊಂಡವನು ಇವನೇ ಎಂದು ಅದೇ ಶಾಸನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮೆಚ್ಚಿದ ಕೃಷ್ಣ ತನ್ನ ಭಾವನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತನ್ನು ಕೊಟ್ಟ. ಒಂದು ಸಾವಿನ ಬೆಲೆ ಇಷ್ಟು ನಾಡುಗಳು.

ಬೂತುಗನ ಮುಂದೆ ನಿಂತು ಕಾದಿದವನು ಮಣಲೆರ. ಸಗರವಂಶದವನು, ವಲಭೀಪುರದ ಒಡೆತನದ ಬಿರುದನ್ನು ಹೊತ್ತವನು. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ, ಬೇಕಾದುದನ್ನು ಬೇಡಿಕೊಳ್ಳೆಂದ. ನಾಡುಗಳೇ ಹಂಚಿಕೆಯಾಗುತ್ತಿದ್ದ ಹೊತ್ತು ಅದು. ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಬೂತುಗ ಕೊಟ್ಟ. ಮುಂದೆ ಅವನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಒಂದು ಊರೂ ದೊರೆತವು. ಆದರೆ ಅವನ ಬಾಯಿಂದ ಮೊದಲು ಬಂದ ಮಾತು ನಾಯಿಯದು. ಇದನ್ನು ಸ್ವಾಮಿಭಕ್ತಿಯ ವಿನಯವೆಂದು ಬಣ್ಣಿಸುವವರಿದ್ದಾರೆ. ಹಾಗಿರಲಾರದು. ಒಳ್ಳೆಯ ಬೇಟೆನಾಯಿಯ ಬೆಲೆಯನ್ನು ಬೇಟೆಗಾರನೇ ಬಲ್ಲ. ನೆಲ ಎಲ್ಲಿಯಾದರೂ ಸಿಕ್ಕೀತು, ಕಾಳಿ ಮತ್ತೊಂದಿರಲಿಲ್ಲ. ಅರಸನ ನಾಯಿಮನೆಯಲ್ಲಿ ಅದನ್ನು ಅವನು ಎಷ್ಟೋ ದಿನಗಳಿಂದ ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು.

ಮುಂದಿನ ಸಂಗತಿ ಬಹಳ ಚಿಕ್ಕದು. ಕೆಳಲೆನಾಡಿನ ಬೆಳತೂರಿನ ಪಡುವಣ ದೆಸೆಯ ಮೊರಡಿಯಲ್ಲಿ ಒಂದು ಪಿರಿಯ ಪಂದಿಗೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಡನೆ ಸತ್ತವು. ಅಷ್ಟೇ. ಮೊರಡಿ ಎಂದರೆ ಕಲ್ಲುಗುಡ್ಡ. ಬಯಲಿನಲ್ಲಿ ನಾಯಿಗೆ ಓಟದ ಬಲವಿದೆ; ಕಲ್ಲಿನ ಸಂದಿಗೆ ಬೆನ್ನು ಕೊಟ್ಟು ತಿರುಗಿ ನಿಂತ ಒಂಟಿ ಹಂದಿಯ ಮುಂದೆ ಆ ಓಟ ಕೆಲಸಕ್ಕೆ ಬಾರದು. ಹಂದಿಯ ಭುಜದ ತೊಗಲು ಗುರಾಣಿಯಂತೆ ದಪ್ಪ; ಕೋರೆಯ ಒಂದು ಏಟು ಸಾಕು ನಾಯಿಯ ಹೊಟ್ಟೆ ಬಗೆಯಲು. ಇದನ್ನು ಬಲ್ಲವರು ಒಂದೇ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಡುವುದಿಲ್ಲ. ಹಲವು ನಾಯಿಗಳು ಸುತ್ತುಗಟ್ಟಿ ತಡೆದು ನಿಲ್ಲಿಸುವಷ್ಟರಲ್ಲಿ ಈಟಿಯವನು ಬರಬೇಕು. ಶಾಸನ ಕಾಳಿಯ ಹೆಸರನ್ನಷ್ಟೇ ಹೇಳುತ್ತದೆ. ಬೇರೆ ನಾಯಿಗಳಿದ್ದವೋ, ಈಟಿಯವನು ತಡವಾಗಿ ಬಂದನೋ, ಅಥವಾ ಕಾಳಿಯ ಮೇಲಿನ ಮಿತಿಮೀರಿದ ನಂಬಿಕೆಯೇ ಅದನ್ನು ಕೊಂದಿತೋ ಎಂಬುದು ಕಲ್ಲಿನ ಆಚೆಗಿನ ಮಾತು.

ಇತ್ತೀಚೆಗೆ ಕಾಳಿಯನ್ನು ಮುಧೋಳದ ತಳಿಯೆಂದು ಹೇಳುವ ಉತ್ಸಾಹ ಅಲ್ಲಲ್ಲಿ ಕಾಣುತ್ತದೆ. ಮುಧೋಳದ ನಾಯಿಯನ್ನು ತಳಿಯೆಂದು ಹೆಸರುವಾಸಿಯಾಗಿಸಿದವರು ಅಲ್ಲಿನ ಘೋರ್ಪಡೆ ಅರಸರು, ಅದೂ 20ನೆಯ ಶತಮಾನದ ಆದಿಭಾಗದಲ್ಲಿ. ಸವೆದ ಉಬ್ಬುಶಿಲ್ಪವೊಂದರಿಂದ ಸಾವಿರ ವರ್ಷದ ಹಿಂದಿನ ನಾಯಿಯ ಕುಲಗೋತ್ರವನ್ನು ನಿರ್ಣಯಿಸುವುದು ಶಾಸನಶಾಸ್ತ್ರದ ಕೆಲಸವಲ್ಲ.

ಕಲ್ಲು ನಿಂತ ಮೇಲೆ ಅದರ ಪೂಜೆಗೆ ವ್ಯವಸ್ಥೆಯಾಯಿತು. ಪಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ದತ್ತಿಯಾಗಿ ಬಿಟ್ಟರು. ದತ್ತಿಯ ಕೊನೆಗೆ ಶಾಪಾಶಯ ಬರುವುದು ಎಲ್ಲ ಶಾಸನಗಳ ವಾಡಿಕೆ: ಅಳುಪಿದವನು ವಾರಣಾಸಿಯಲ್ಲಿ ಕವಿಲೆಯನ್ನೂ ಪಾರ್ವನನ್ನೂ ಕೊಂದ ಪಾಪಕ್ಕೆ ಹೋಗುವನೆಂಬುದು ನೂರಾರು ಕಲ್ಲುಗಳಲ್ಲಿರುವ ಮಾತು. ಆತಕೂರಿನಲ್ಲಿ ಆ ಮಾತಿಲ್ಲ. ಆ ಮಣ್ಣನ್ನು ಕೆಡಿಸಿದವನು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನು, ನಾಯಿ ಗೈದ ಪಾಪವನ್ನು ಹೊರುವರೆಂದು ಅಲ್ಲಿ ಹೇಳಿದೆ. ಎಲ್ಲರೂ ಓದಿ ದಾಟಿಹೋಗುವ ಈ ಸಾಲಿನಲ್ಲಿ ನಿಲ್ಲಬೇಕು. ನಾಯಿಯನ್ನು ವೀರನ ಪದವಿಗೇರಿಸಿ, ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಏರ್ಪಡಿಸಿದವರೇ, ಆ ನಾಯಿ ಬಾಳಿನುದ್ದಕ್ಕೂ ಮಾಡಿದ್ದು ಪಾಪವೆಂಬುದನ್ನು ಅದೇ ಉಸಿರಿನಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟೇ ಅಲ್ಲ, ಆ ಪಾಪ ಎಷ್ಟು ಭಾರವಾದುದೆಂದರೆ ಅದನ್ನು ಶಾಪವಾಗಿ ಬಳಸಬಹುದು. ಹಾಗಾದರೆ ನಾಯಿಯನ್ನು ಬಿಟ್ಟ ಕೈಯ ಪಾಪವೆಲ್ಲಿ? ಅದರ ಬಗ್ಗೆ ಕಲ್ಲು ಮೌನವಾಗಿದೆ.

ಬೂತುಗನ ಮನೆಯಲ್ಲಿ ಈ ಪ್ರಶ್ನೆ ಅಪರಿಚಿತವಾಗಿರಲಿಲ್ಲ. ಅವನು ಜೈನ, ಜಿನಾಗಮದ ತಿಳಿವಳಿಕೆಯುಳ್ಳವನೆಂದು, ವಾದದಲ್ಲಿ ಬೌದ್ಧನೊಬ್ಬನನ್ನು ಗೆದ್ದವನೆಂದು ಅವನ ಮಗ ಮಾರಸಿಂಹನ ಕೂಡ್ಲೂರು ತಾಮ್ರಶಾಸನ ಕೊಂಡಾಡುತ್ತದೆ. ಅವನ ಅಕ್ಕ ಪಾಂಬಬ್ಬೆ ತಲೆಗೂದಲನ್ನು ಲೋಚು ಮಾಡಿಸಿಕೊಂಡು ದೀಕ್ಷೆ ಪಡೆದು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ಮುಡಿಪಿದಳೆಂದು ಕಡೂರಿನ ಶಾಸನ ತಿಳಿಸುತ್ತದೆ. ಮೂವತ್ತು ವರ್ಷಗಳನ್ನು ಹಿಂದಕ್ಕೆ ಎಣಿಸಿದರೆ, ಬೆಳತೂರಿನ ಮೊರಡಿಯಲ್ಲಿ ಕಾಳಿಯ ಹಗ್ಗ ಬಿಚ್ಚಿದ ದಿನ ಅರಸನ ಅಕ್ಕ ನೆಲವನ್ನು ಪಿಂಛದಿಂದ ಸವರಿ, ಇರುವೆಗೂ ನೋವಾಗದಂತೆ ಹೆಜ್ಜೆಯಿಡುತ್ತಿದ್ದಳು. ಮಗ ಮಾರಸಿಂಹ ಎಷ್ಟೋ ಯುದ್ಧಗಳನ್ನು ಗೆದ್ದು ಕೊನೆಗೆ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಒಂದೇ ಮನೆತನ, ಒಂದೇ ತಲೆಮಾರಿನ ಆಸುಪಾಸು.

ಯುದ್ಧಕ್ಕೂ ಬೇಟೆಗೂ ಜೈನ ವಿಚಾರದಲ್ಲಿ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ಗೃಹಸ್ಥನಿಂದ ಆಗುವ ಹಿಂಸೆಯಲ್ಲಿ ಅಡುಗೆ, ಉಳುಮೆ, ವ್ಯಾಪಾರಗಳಲ್ಲಿ ಆಗುವುದು ಬೇರೆ. ತನ್ನನ್ನೂ ತನ್ನವರನ್ನೂ ಕಾಯುವಾಗ ಆಗುವ ವಿರೋಧಿ ಹಿಂಸೆ ಬೇರೆ. ಕೊಲ್ಲಬೇಕೆಂದೇ ಹೊರಟು ಕೊಲ್ಲುವ ಸಂಕಲ್ಪಿ ಹಿಂಸೆ ಬೇರೆ. ಅಣುವ್ರತಿಯಾದ ಅರಸನಿಗೆ ಎರಡನೆಯದು ಅನಿವಾರ್ಯ, ಮೂರನೆಯದು ವರ್ಜ್ಯ. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಎಣಿಸಿದ್ದು ಈ ಕಾರಣಕ್ಕೆ. ತಕ್ಕೋಲದಲ್ಲಿ ರಾಜಾದಿತ್ಯನನ್ನು ಕೊಂದ ಬೂತುಗನ ಪರವಾಗಿ ಧರ್ಮಶಾಸ್ತ್ರಜ್ಞನೊಬ್ಬ ಏನನ್ನಾದರೂ ಹೇಳಬಹುದಿತ್ತು. ಬೆಳತೂರಿನ ಹಂದಿಯ ಬಗ್ಗೆ ಹೇಳಲು ಅವನಿಗೆ ಮಾತು ಕಡಿಮೆ. ಹೊಲ ಹಾಳು ಮಾಡುವ ಹಂದಿಯಾಗಿತ್ತೆಂದು ವಾದಿಸಬಹುದಿತ್ತೇನೋ, ಆದರೆ ಶಾಸನ ಹಾಗೆ ಹೇಳುವುದಿಲ್ಲ. ಪುಲಿ ಕಾದಿ ಮಡಿದವರ, ಹಂದಿಯೊಡನೆ ಹೋರಿ ಸತ್ತವರ ವೀರಗಲ್ಲುಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಅವುಗಳಲ್ಲಿ ಊರು ಕಾಯಲು ಹೋದವರೂ ಇದ್ದಾರೆ, ವಿನೋದಕ್ಕೆ ಹೋದವರೂ ಇದ್ದಾರೆ. ಹೊಯ್ಸಳರ ಲಾಂಛನದ ಕಥೆಯಲ್ಲಿ ಸೊಸೆವೂರಿನ ಮುನಿ, ಮೇಲೆರಗಿದ ಹುಲಿಯನ್ನು ಹೊಡೆಯೆಂದು ಸಳನಿಗೆ ಹೇಳುವುದು ವಿರೋಧಿ ಹಿಂಸೆಯ ಅಂಚಿನಲ್ಲಿ ನಿಲ್ಲುವ ಸಂದರ್ಭ. ಆ ಕಥೆಯಲ್ಲಿಯೂ ಹುಲಿಯನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ.

ಹುಡುಕಿಕೊಂಡು ಹೋಗುವುದೇ ಬೇಂಟೆ. ಮತ್ತು ಹುಡುಕಿಕೊಂಡು ಹೋಗುವುದು ಒಂದು ವಿದ್ಯೆ. ಅದನ್ನು ಪಾಪವೆಂದು ತಳ್ಳಿಹಾಕುವ ಮೊದಲು ಅದು ಎಷ್ಟು ದೊಡ್ಡ ವಿದ್ಯೆಯಾಗಿತ್ತೆಂಬುದನ್ನಾದರೂ ಅರಿಯಬೇಕು.

ಬೇಟೆಯ ಒಳಿತು ಕೆಡುಕುಗಳ ಚರ್ಚೆ ಕೌಟಿಲ್ಯನಷ್ಟು ಹಳೆಯದು. ಬೇಟೆ ಕೆಟ್ಟದೋ ಜೂಜು ಕೆಟ್ಟದೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರ ಎತ್ತುತ್ತದೆ. ಪಿಶುನನೆಂಬ ಆಚಾರ್ಯನ ಮತದಲ್ಲಿ ಬೇಟೆಯೇ ಕೆಟ್ಟದು. ಕಳ್ಳರು, ಹಗೆಗಳು, ಕ್ರೂರಮೃಗಗಳು, ಕಾಡುಗಿಚ್ಚು, ಕಾಲು ಜಾರುವುದು, ದಿಕ್ಕು ತಪ್ಪುವುದು, ಹಸಿವು, ನೀರಡಿಕೆ ಎಂದು ಅವನು ಕೊಡುವ ಪಟ್ಟಿಯನ್ನು ನೋಡಿದರೆ, ಆಚಾರ್ಯ ಒಂದೆರಡು ರಾತ್ರಿಯನ್ನಾದರೂ ಕಾಡಿನಲ್ಲಿ ಕಳೆದವನೆಂದು ತೋರುತ್ತದೆ. ಕೌಟಿಲ್ಯ ಒಪ್ಪುವುದಿಲ್ಲ. ಜೂಜಿನಿಂದ ಏನೂ ದಕ್ಕದು. ಬೇಟೆಯಿಂದ ದೇಹಕ್ಕೆ ವ್ಯಾಯಾಮ, ಕಫ ಪಿತ್ತ ಮೇದಸ್ಸುಗಳ ನಾಶ, ನಿಂತ ಗುರಿಗೂ ಓಡುವ ಗುರಿಗೂ ಬಾಣ ಬಿಡುವ ಅಭ್ಯಾಸ, ಕೆರಳಿದ ಮೃಗದ ಚಿತ್ತವನ್ನು ಅರಿಯುವ ಶಕ್ತಿ ಬರುತ್ತದೆ ಎಂಬುದು ಅವನ ವಾದ. ಅದೇ ಕೌಟಿಲ್ಯ ಅರಸನ ವಿಹಾರಕ್ಕೆ ಹೇಳುವ ಮೃಗವನ ಮಾತ್ರ ನಗು ತರಿಸುವಂಥದು: ಒಂದೇ ಬಾಗಿಲು, ಸುತ್ತಲೂ ಕಂದಕ, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳ, ಉಗುರು ಹಲ್ಲು ಕಿತ್ತ ಕ್ರೂರಮೃಗಗಳು. ಚಿತ್ತವನ್ನು ಅರಿಯಲು ಅಲ್ಲಿ ಏನು ಉಳಿದಿರುತ್ತದೆ?

ಕನ್ನಡ ನಾಡಿನ ಅರಸನೊಬ್ಬ ಇದಕ್ಕಿಂತ ಬಹಳ ಮುಂದೆ ಹೋದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ನಾಲ್ಕನೆಯ ವಿಂಶತಿ ವಿನೋದಗಳದು. ಅಲ್ಲಿ ನಾಯಿಗಳಿಗೆ ಸಾರಮೇಯವಿನೋದ, ಗಿಡುಗಗಳಿಗೆ ಶ್ಯೇನವಿನೋದ, ಗಾಳದ ಮೀನಿಗೆ ಮತ್ಸ್ಯವಿನೋದ, ಬೇಟೆಗೆ ಮೃಗಯಾವಿನೋದ ಎಂದು ಬೇರೆ ಬೇರೆ ಅಧ್ಯಾಯಗಳಿವೆ. ಇಂದ್ರನ ನಾಯಿ ಸರಮೆಯ ಸಂತತಿಯಾದ್ದರಿಂದ ನಾಯಿಗೆ ಸಾರಮೇಯವೆಂಬ ಹೆಸರು. ನಾಯಿಗಳನ್ನು ಅವು ಬಂದ ದೇಶಗಳಿಂದ ಗುರುತಿಸುವುದು, ಬಣ್ಣ ಮೈಕಟ್ಟುಗಳನ್ನು ನೋಡಿ ಆರಿಸುವುದು, ಸಾಕುವುದು, ಮೊಲದ ಹಿಂದೆ ಬಿಡಬೇಕಾದದ್ದು ಯಾವುದು, ಹಂದಿಯ ಮೇಲೆ ಬಿಡಬೇಕಾದದ್ದು ಯಾವುದು ಎಂಬುದು ಅಲ್ಲಿನ ವಿಷಯ. ಮೀನಿನ ಅಧ್ಯಾಯದಲ್ಲಿ ಸಮುದ್ರದವು ನದಿಯವು, ಪೊರೆಯುಳ್ಳವು ಪೊರೆಯಿಲ್ಲದವು ಎಂಬ ವಿಂಗಡಣೆಯಿದೆ. ಯಾವ ಮೀನಿಗೆ ಯಾವ ಉಂಡೆ ಹಾಕಿ ಪಳಗಿಸಬೇಕು, ಗಾಳ ಹೇಗಿರಬೇಕು, ದಾರ ಯಾವುದರದಾಗಬೇಕು ಎಂಬ ಸೂಚನೆಗಳಿವೆ. ಜಿಂಕೆಯ ಬೇಟೆಗೆ ಪಳಗಿಸಿದ ಜಿಂಕೆಯನ್ನೇ ಮುಂದೆ ಬಿಟ್ಟು ಕಾಡಿನ ಜಿಂಕೆಗಳನ್ನು ಹತ್ತಿರಕ್ಕೆ ತರುವ ಉಪಾಯವಿದೆ. ಹಳಗನ್ನಡದಲ್ಲಿ ಇದಕ್ಕೆ ದೀವದ ಮೃಗವೆಂದು ಹೆಸರು. ತನ್ನ ಜಾತಿಯನ್ನು ಸಾವಿನ ಬಳಿಗೆ ಕರೆತರಲು ಪಳಗಿದ ಪ್ರಾಣಿಗೆ ಪ್ರತ್ಯೇಕವಾದ ಪದವನ್ನೇ ಮಾಡಿಟ್ಟುಕೊಂಡ ಭಾಷೆ ನಮ್ಮದು.

ಸೋಮೇಶ್ವರನ ಪುಸ್ತಕದ ಸೊಗಸೆಂದರೆ ಅದರಲ್ಲಿರುವ ಮಾತುಗಳು ಅರಸನವಲ್ಲ. ದಾರ ಯಾವುದರದಾಗಬೇಕೆಂದು ಚಕ್ರವರ್ತಿಗೆ ಯಾರು ಹೇಳಿಕೊಟ್ಟರು? ಬೆಸ್ತನೊಬ್ಬ. ನಾಯಿಮರಿಯ ಯಾವ ಲಕ್ಷಣ ನೋಡಬೇಕೆಂದು ಯಾರು ಹೇಳಿದರು? ನಾಯಿಗಳನ್ನು ಕಾಯುವ ಆಳು. ಬೇಡರು, ಬೆಸ್ತರು, ಗಿಡುಗ ಪಳಗಿಸುವವರು ತಮ್ಮ ತಮ್ಮಲ್ಲಿ ಹಂಚಿಕೊಳ್ಳುತ್ತಿದ್ದ ತಿಳಿವು, ಒಬ್ಬನ ಸೋಲಿನಿಂದ ಇನ್ನೊಬ್ಬ ಕಲಿತ ಪಾಠ, ಅನುಷ್ಟುಪ್ ಶ್ಲೋಕಗಳಲ್ಲಿ ಮೊದಲ ಬಾರಿಗೆ ಸಂಸ್ಕೃತದ ಉಡುಪು ತೊಟ್ಟು ಆಸ್ಥಾನಕ್ಕೆ ಬಂದಿತು. ಹೇಳಿಕೊಟ್ಟವರ ಹೆಸರುಗಳು ಬರಲಿಲ್ಲ. ವಿಚಿತ್ರವೆಂದರೆ ಇದೇ ಗ್ರಂಥದ ಮೊದಲ ವಿಂಶತಿ ಅಸತ್ಯವರ್ಜನ, ಪರದ್ರೋಹವರ್ಜನ ಎಂದು ಅರಸನಿಗೆ ವರ್ಜನಗಳನ್ನು ಬೋಧಿಸುವ ಮೂಲಕ ತೊಡಗುತ್ತದೆ. ಪರರಿಗೆ ದ್ರೋಹ ಬಗೆಯಬಾರದೆಂಬ ಆ ಮಾತಿನಲ್ಲಿ ಜಿಂಕೆ ಪರರೊಳಗೆ ಸೇರುವುದಿಲ್ಲ.

ಜೈನ ಕವಿಗಳಿಗೂ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. 941ರ ಪಂಪನ ವಿಕ್ರಮಾರ್ಜುನ ವಿಜಯದ ಐದನೆಯ ಆಶ್ವಾಸದಲ್ಲಿ ಬೇಟೆಯ ವರ್ಣನೆ ಬರುತ್ತದೆ; ಬೇಡರ ಬಾಯಲ್ಲಿ ಓಡಾಡುವ ಪರಿಭಾಷೆ ಅಲ್ಲಿ ಹಾಗೆಯೇ ಇಳಿದಿದೆ. ಪಂಪನನ್ನು ಓದುವಾಗ ಆ ಭಾಗದಲ್ಲಿ ನಿಘಂಟಿನ ಮೊರೆ ಹೋಗದವರು ವಿರಳ. ಧರ್ಮ ಬೇಡವೆಂದದ್ದನ್ನು ಕಾವ್ಯ ಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಅಷ್ಟಾದಶವರ್ಣನೆಯ ಕಟ್ಟುಪಾಡು ಅದಕ್ಕೊಂದು ನೆಪ ಮಾತ್ರ. ಆದರೆ ಬೇಟೆಯ ವಿದ್ಯೆಯನ್ನೇ ಅದರ ವಿರುದ್ಧ ತಿರುಗಿಸಿದ ಕಥೆ ಬೇರೊಂದಿದೆ, ಮತ್ತು ಅದರ ಒಂದು ಮಹಾರೂಪ ಹುಟ್ಟಿದ್ದು ಆತಕೂರಿನ ಕಲ್ಲು ನಿಂತ ಹತ್ತು ವರ್ಷಗಳೊಳಗೆ.

ಶಕವರ್ಷ 881, ಅಂದರೆ 959ರಲ್ಲಿ, ಸೋಮದೇವಸೂರಿ ಗಂಗಧಾರವೆಂಬಲ್ಲಿ ಯಶಸ್ತಿಲಕಚಂಪುವನ್ನು ಮುಗಿಸಿದ. ಆಗ ಮೂರನೆಯ ಕೃಷ್ಣ ಚೋಳರನ್ನು ಗೆದ್ದು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದನೆಂದು ಗ್ರಂಥವೇ ಹೇಳುತ್ತದೆ. ಆತಕೂರಿನ ಕನ್ನರದೇವನೇ ಈ ಕೃಷ್ಣ. ಒಂದೇ ಚಕ್ರವರ್ತಿಯ ನೆರಳಿನಲ್ಲಿ ಒಂದು ಕಡೆ ಬೇಟೆನಾಯಿಗೆ ಕಲ್ಲು ನಿಂತಿತು, ಇನ್ನೊಂದು ಕಡೆ ಯಶೋಧರನ ಕಥೆ ಬರೆಯಲ್ಪಟ್ಟಿತು. ಅದನ್ನೇ ಜನ್ನ 1209ರಲ್ಲಿ ಕನ್ನಡದ ಕಂದಗಳಲ್ಲಿ ಹೇಳಿದ. ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನೂ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಮೊದಲ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಎರಡೂ ಯಶೋಧರನ ಮಗ ಯಶೋಮತಿಯ ಅರಮನೆಗೇ ಕಾಣಿಕೆಯಾಗಿ ಬರುತ್ತವೆ. ನಾಯಿ ನವಿಲನ್ನು ಕೊಲ್ಲುತ್ತದೆ. ಅರಸ ನಾಯಿಯನ್ನು ಹೊಡೆದು ಕೊಲ್ಲುತ್ತಾನೆ. ತಾಯಿ ಮಗನನ್ನು ಕೊಂದಳು, ಮೊಮ್ಮಗ ಅಜ್ಜಿಯನ್ನು ಕೊಂದ, ಯಾರಿಗೂ ತಿಳಿಯದು.

ಕಥೆಯ ಕೊನೆಯ ಭಾಗದಲ್ಲಿ ಅವರು ಕೋಳಿಗಳಾಗಿದ್ದಾರೆ. ಯಶೋಮತಿ ತನ್ನ ಶಬ್ದವೇಧಿಯ ಚಮತ್ಕಾರವನ್ನು ತೋರಿಸಲು, ಕೂಗಿದ ಸದ್ದಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ. ಕಣ್ಣಿಗೆ ಕಾಣದ ಗುರಿ ತಪ್ಪುವುದಿಲ್ಲ. ಸತ್ತದ್ದು ತಂದೆ ಮತ್ತು ಅಜ್ಜಿ. ಬೇಟೆಯ ವಿದ್ಯೆಯಲ್ಲಿ ಶಬ್ದವೇಧಿಗಿಂತ ಮಿಗಿಲಾದುದಿಲ್ಲ. ದಶರಥನೂ ಅದರಲ್ಲಿ ನಿಪುಣನಾಗಿದ್ದ, ಮತ್ತು ಅವನಿಗೆ ಅದರಿಂದ ಆದದ್ದೇನೆಂಬುದು ಎಲ್ಲರಿಗೂ ಗೊತ್ತು. ಕೌಟಿಲ್ಯ ಹೊಗಳಿದ ಗುರಿಯ ಅಭ್ಯಾಸವನ್ನು ಅದರ ತುತ್ತತುದಿಗೆ ಒಯ್ದು, ಆ ತುದಿಯಲ್ಲಿ ಗುರಿಕಾರನಿಗೆ ತಾನು ಯಾರಿಗೆ ಹೊಡೆದೆನೆಂಬುದೇ ಕಾಣದೆಂದು ಕಥೆ ತೋರಿಸುತ್ತದೆ. ಇದೇ ಯಶೋಮತಿ ಬೇಟೆಗೆ ಹೊರಟಾಗ ಎದುರಿಗೆ ಸುದತ್ತಮುನಿ ಕಂಡರೆ, ಅಪಶಕುನವೆಂದು ಮುನಿದು ನಾಯಿಗಳ ಪಡೆಯನ್ನೇ ಅವರ ಮೇಲೆ ಬಿಡುತ್ತಾನೆ. ನಾಯಿಗಳು ಹತ್ತಿರ ಹೋಗಿ ಶಾಂತವಾಗುತ್ತವೆ. ಅವನ ಬೇಟೆಗೆ ಅಂದು ತಪ್ಪಿಹೋದ ಒಂದೇ ಗುರಿ ಅದು, ತಪ್ಪಿಸಿದವು ನಾಯಿಗಳು. ಹೊಯ್ಸಳ ಲಾಂಛನದ ಕಥೆಯ ಮುನಿಗೂ ಸುದತ್ತನೆಂದೇ ಹೆಸರಿರುವುದು, ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿಯಾಗಿದ್ದುದು, ಆಕಸ್ಮಿಕವೇ ಇರಬಹುದು. ಆದರೆ ಆ ಆಸ್ಥಾನದಲ್ಲಿ ಕಾವ್ಯ ಕೇಳಿದವರ ಕಿವಿಗೆ ಆ ಹೆಸರು ಬರಿಯ ಹೆಸರಾಗಿ ಕೇಳಿಸಿರಲಾರದು.

ಕಾವ್ಯ ಬೇಟೆಯನ್ನು ನಿಲ್ಲಿಸಲಿಲ್ಲ. ಗುಜರಾತಿನಲ್ಲಿ ಹೇಮಚಂದ್ರಾಚಾರ್ಯರ ಪ್ರಭಾವದಿಂದ ಕುಮಾರಪಾಲ ಪ್ರಾಣಿವಧೆಯನ್ನೂ ಬೇಟೆಯನ್ನೂ ನಿಷೇಧಿಸಿದ್ದು ಹನ್ನೆರಡನೆಯ ಶತಮಾನದಲ್ಲಿಯೇ. ಕನ್ನಡ ನಾಡಿನ ಜೈನ ಅರಸರು ಅಷ್ಟು ದೂರ ಹೋಗಲಿಲ್ಲ. ಬೇಟೆ ಹಳ್ಳಿಗಳಲ್ಲಿ ಉಳಿಯಿತು, ಅದರ ಮಾತೂ ಉಳಿಯಿತು. ಮಲೆನಾಡಿನಲ್ಲಿ ಹಳು ಸೋವುವವರು ಒಂದು ಕಡೆಯಿಂದ ಕೂಗುತ್ತ ಬಂದರೆ, ಇನ್ನೊಂದು ಕಡೆ ಪ್ರಾಣಿ ಹಾದುಹೋಗುವ ಕಂಡಿಗಳಲ್ಲಿ ಕೋವಿ ಹಿಡಿದವರು ಬಿಲ್ಲಿಗೆ ನಿಲ್ಲುತ್ತಿದ್ದರು. ಬಿಲ್ಲು ಕೈಬಿಟ್ಟು ತಲೆಮಾರುಗಳೇ ಕಳೆದಿದ್ದರೂ ನಿಲ್ಲುವ ಜಾಗದ ಹೆಸರು ಬಿಲ್ಲೇ. ಕುವೆಂಪು ಅವರ ಮಲೆನಾಡಿನ ಚಿತ್ರಗಳಲ್ಲಿ, ಕಾದಂಬರಿಗಳಲ್ಲಿ ಈ ಲೋಕ ಜೀವಂತವಾಗಿದೆ. ಮಲೆಗಳಲ್ಲಿ ಮದುಮಗಳು ಕಾದಂಬರಿಯ ಗುತ್ತಿಯ ನಾಯಿ ಹುಲಿಯನನ್ನು ಬಲ್ಲವರಿಗೆ ಮಣಲೆರನ ಕೋರಿಕೆ ಅರ್ಥವಾಗದಿರದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜಿಸುವುದು ಇಂದಿಗೂ ಇದೆ. ನಿರಾಯುಧೀಕರಣದ ಕಾಯಿದೆಯಿಂದ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟವನು ಮಾರ್ಕ್ ಕಬ್ಬನ್.

ಆ ಹೊತ್ತಿಗೆ ಬೇಟೆಗೆ ಕಾಗದ ಬಂದಿತ್ತು. ಬೂತುಗನ ಕಾಲದಲ್ಲಿ ಒಡೆಯ ಮೆಚ್ಚಿದರೆ ಬೇಟೆ. ಬ್ರಿಟಿಷರ ಕಾಲದಲ್ಲಿ ಪರವಾನಗಿ ಇದ್ದರೆ ಬೇಟೆ. ಮೈಸೂರು ಸಂಸ್ಥಾನದ ಆನೆ ಹಿಡಿಯುವ ಇಲಾಖೆಯಲ್ಲಿದ್ದ ಸ್ಯಾಂಡರ್ಸನ್ ಚಾಮರಾಜನಗರದ ಸೀಮೆಯಲ್ಲಿ ನೆಲೆಸಿ, 1874ರಲ್ಲಿ ಖೆಡ್ಡಾ ನಡೆಸಿ, 1878ರಲ್ಲಿ ಹದಿಮೂರು ವರ್ಷಗಳ ಕಾಡಿನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಯಾವ ಪ್ರಾಣಿಗೆ ಯಾವ ಬಂದೂಕು, ಕಾಡಿನಲ್ಲಿ ಬಿಡಾರ ಹೇಗಿರಬೇಕು, ಜಾಡು ಹೇಗೆ ಹಿಡಿಯಬೇಕು ಎಂದು ಹೊಸದಾಗಿ ಬರುವ ಬಿಳಿಯ ಬೇಟೆಗಾರರಿಗೆ ಅವನು ಕೊಡುವ ಬುದ್ಧಿಮಾತುಗಳನ್ನು ಓದಿದರೆ ಸೋಮೇಶ್ವರನ ಅಧ್ಯಾಯಗಳು ನೆನಪಾಗುತ್ತವೆ. ಒಂದು ವ್ಯತ್ಯಾಸವನ್ನು ಮಾತ್ರ ಅವನ ಪರವಾಗಿ ಹೇಳಬೇಕು: ಜಾಡಿನ ವಿದ್ಯೆಯನ್ನು ತಾನು ಕಲಿತದ್ದು ಸೋಲಿಗರಿಂದ, ಕುರುಬರಿಂದ ಎಂಬುದನ್ನು ಅವನು ಮರೆಮಾಚುವುದಿಲ್ಲ. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಕಾನೂನು ಮಾಡಿತು. ಕಾಡಿನಲ್ಲಿ ಹುಟ್ಟಿದವನು ಅಂದಿನಿಂದ ಕಳ್ಳಬೇಟೆಗಾರನಾದ. ಹಣ ಕಟ್ಟಿ ರಸೀದಿ ಪಡೆದವನು ಬೇಟೆಗಾರನಾಗಿ ಉಳಿದ. ಈ ಅನ್ಯಾಯದ ನಡುವೆಯೂ, ಅಳಿಯಬಹುದಾಗಿದ್ದ ಎಷ್ಟೋ ಪ್ರಾಣಿಗಳು ಆ ಕಾನೂನುಗಳ ನೆರಳಿನಲ್ಲಿ ಬದುಕಿದವೆಂಬುದೂ ದಿಟ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1972ರ ಆ ಕಾಯಿದೆ ಬೇಟೆಯನ್ನು ಪೂರ್ತಿ ನಿಲ್ಲಿಸಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲ ರೂಪದಲ್ಲಿ ಅದು ದೊಡ್ಡ ಬೇಟೆಗೆ, ಸಣ್ಣ ಬೇಟೆಗೆ, ವಿಶೇಷ ಬೇಟೆಗೆ, ಬಲೆ ಒಡ್ಡುವುದಕ್ಕೆ ಬೇರೆ ಬೇರೆ ಪರವಾನಗಿಗಳನ್ನು ಇಟ್ಟುಕೊಂಡಿತ್ತು. ಪರವಾನಗಿ ಪಡೆದವನು ತಾನು ಕೊಂದ ಪ್ರಾಣಿಗಳ ಲೆಕ್ಕ ಬರೆದಿಟ್ಟು ಅಧಿಕಾರಿಗೆ ಒಪ್ಪಿಸಬೇಕಿತ್ತು. ಆ ಪರವಾನಗಿಗಳು ಕಾಯಿದೆಯಿಂದ ಹೊರಬಿದ್ದದ್ದು 1991ರ ತಿದ್ದುಪಡಿಯಲ್ಲಿ. ಹಂದಿಯ ವಿಷಯ ಮಾತ್ರ ಅಲ್ಲಿಗೂ ಮುಗಿಯಲಿಲ್ಲ. ಬೆಳೆ ಕಳೆದುಕೊಂಡ ರೈತ ಅದನ್ನು ಕೊಲ್ಲಬಹುದೇ, ಯಾರ ಅಪ್ಪಣೆಯಿಂದ, ಯಾವ ರೀತಿಯಲ್ಲಿ ಎಂಬ ಪ್ರಶ್ನೆ ಪ್ರತಿ ಸುಗ್ಗಿಯಲ್ಲಿಯೂ ಏಳುತ್ತದೆ. ಸಂಕಲ್ಪಿ ಹಿಂಸೆ ಎಲ್ಲಿ ಮುಗಿದು ವಿರೋಧಿ ಹಿಂಸೆ ಎಲ್ಲಿ ತೊಡಗುತ್ತದೆಂಬ ಹಳೆಯ ಗೆರೆಯನ್ನು ಈಗ ಎಳೆಯಬೇಕಾದವರು ಅರಣ್ಯಾಧಿಕಾರಿಗಳು.

ಕಾಳಿಯ ಕಲ್ಲಿಗೆ ಪೂಜೆ ನಿಂತು ಬಹುಕಾಲವಾಗಿದೆ. ಪಿರಿಯ ಕೆರೆಯ ಕೆಳಗಿನ ಎರಡು ಕಂಡುಗ ಮಣ್ಣಿನ ಬೆಳೆಯನ್ನು ಈಗ ಉಣ್ಣುವವರಿಗೆ ನಾಯಿಯ ಸುದ್ದಿ ಗೊತ್ತಿರಬೇಕಾಗಿಲ್ಲ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಅದರ ಮುಂದೆ ನಿಲ್ಲುವ ಮಕ್ಕಳು ಮೊದಲು ಕೇಳುವುದು ತಕ್ಕೋಲದ ಯುದ್ಧವನ್ನಲ್ಲ. ಇವೆರಡರಲ್ಲಿ ಗೆದ್ದದ್ದು ಯಾವುದು ಎಂದು.